ಕಂಚಿನ ಕುದುರೆಯಿಂದ ಕೊಲೊನ್ನಾ ಚೌಕದವರೆಗೆ: ಮಾರ್ಕಸ್ ಆರೇಲಿಯಸ್ ಕುರಿತ ಒಂದು ರೋಮ್ ನಡಿಗೆ

ರೋಮ್ ನಗರದಲ್ಲಿ ಹಣ ತೆತ್ತು ಸೇರಿಕೊಳ್ಳಬಹುದಾದ ನಡಿಗೆಗಳಿಗೆ ಬರವಿಲ್ಲ. ಕೊಲೊಸಿಯಮ್‌ಗೆ ಒಂದು ಗುಂಪು, ವ್ಯಾಟಿಕನ್‌ಗೆ ಒಂದು ಗುಂಪು, ಪಾಸ್ತಾ ತಿನ್ನಿಸುವುದಕ್ಕೆ ಇನ್ನೊಂದು ಗುಂಪು ಎಂದು ಬಣ್ಣಬಣ್ಣದ ಬಾವುಟ ಹಿಡಿದವರು ಬೆಳಗಿನಿಂದಲೇ ಓಡಾಡುತ್ತಿರುತ್ತಾರೆ. ಆದರೆ ಒಬ್ಬನೇ ಚಕ್ರವರ್ತಿಯನ್ನು ಹಿಡಿದುಕೊಂಡು, ಅವನನ್ನು ಹೊಗಳುವುದಕ್ಕಲ್ಲದೆ ಅವನ ಬಗ್ಗೆ ಇತಿಹಾಸಕಾರರ ನಡುವೆ ಇಂದಿಗೂ ತೀರದಿರುವ ತಕರಾರುಗಳನ್ನು ವಿವರಿಸುವುದಕ್ಕೆಂದೇ ರೂಪಿಸಿದ ನಡಿಗೆ ಅಪರೂಪ. ಕಳೆದ ಅಕ್ಟೋಬರಿನಲ್ಲಿ ನಾನೂ ನನ್ನ ಹೆಂಡತಿಯೂ ಅಂಥದೊಂದಕ್ಕೆ ಹೋಗಿಬಂದೆವು. ವಿಷಯ ಮಾರ್ಕಸ್ ಆರೇಲಿಯಸ್: ಕ್ರಿ.ಶ. 121ರಲ್ಲಿ ಹುಟ್ಟಿ, 161ರಿಂದ 180ರವರೆಗೆ ರೋಮನ್ ಸಾಮ್ರಾಜ್ಯವನ್ನು ಆಳಿ, ಆಳುತ್ತಲೇ ತನಗಾಗಿ ತಾನು ಗ್ರೀಕ್ ಭಾಷೆಯಲ್ಲಿ ತತ್ತ್ವಚಿಂತನೆಯ ಟಿಪ್ಪಣಿಗಳನ್ನು ಬರೆದಿಟ್ಟುಕೊಂಡ ದೊರೆ. ನಾಲ್ಕು ಗಂಟೆಯ ನಡಿಗೆ, ತಲೆಗೆ 70 ಯೂರೊ, ವಸ್ತುಸಂಗ್ರಹಾಲಯದ ಟಿಕೆಟ್ ಬೇರೆ, ಭಾಷೆ ಇಂಗ್ಲಿಷ್, ಗುಂಪಿನಲ್ಲಿ ಹನ್ನೊಂದು ಜನ. ನಡೆಸುವ ಸಂಸ್ಥೆ ಚಿಕ್ಕದು. ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಇಂಥ ನಡಿಗೆಯ ಗುಣ ನಿಲ್ಲುವುದು ಆ ದಿನ ಬರುವ ಮಾರ್ಗದರ್ಶಕರ ಮೇಲೆಯೇ ಹೊರತು ಸಂಸ್ಥೆಯ ಹೆಸರಿನ ಮೇಲಲ್ಲ. ನಮಗೆ ಸಿಕ್ಕವರು ಪ್ರಾಚೀನ ಇತಿಹಾಸ ಓದಿದ ಮಧ್ಯವಯಸ್ಸಿನ ಇಟಾಲಿಯನ್ ಮಹಿಳೆ, ಅವರ ಜೊತೆಗೆ ಒಬ್ಬ ಯುವ ಸಹಾಯಕ.

ನಡಿಗೆ ಆರಂಭವಾಗುವುದು ಕಾನ್‌ಸ್ಟಂಟೈನನ ಕಮಾನಿನ ಎದುರು. ಆರೇಲಿಯಸ್‌ಗೆ ಸಂಬಂಧವೇ ಇಲ್ಲದ ಜಾಗಕ್ಕೆ ಏಕೆ ಕರೆಸಿದ್ದಾರೆ ಎಂದು ನನಗೆ ಮೊದಲು ಗೊಂದಲವಾಯಿತು. 315ರಲ್ಲಿ ಸಮರ್ಪಣೆಯಾದ ಆ ಕಮಾನಿನ ಮೇಲ್ಭಾಗದಲ್ಲಿರುವ ಎಂಟು ದೊಡ್ಡ ಉಬ್ಬುಶಿಲ್ಪದ ಫಲಕಗಳು ಆರೇಲಿಯಸ್‌ನ ಯಾವುದೋ ಸ್ಮಾರಕದಿಂದ ಕಿತ್ತು ತಂದವು ಎಂದು ಮಾರ್ಗದರ್ಶಕಿ ತೋರಿಸಿದಾಗ ಕಾರಣ ತಿಳಿಯಿತು. ಮೈಯೆಲ್ಲ ಆರೇಲಿಯಸ್‌ನದು, ತಲೆ ಮಾತ್ರ ಅವನದಲ್ಲ. ಫಲಕಗಳನ್ನು ಮರುಬಳಸಿದವರು ಚಕ್ರವರ್ತಿಯ ಮುಖವನ್ನು ಬದಲಿಸಿಬಿಟ್ಟಿದ್ದಾರೆ. ಇನ್ನು ನಾಲ್ಕು ಗಂಟೆಯ ಕಾಲ ನಾವು ನೋಡಲಿರುವುದು ಇಂಥ ತಲೆ ಬದಲಾವಣೆಗಳನ್ನೇ ಎಂದು ಅವರು ಹೇಳಿದರು. ಒಂದೊಂದು ಕಾಲವೂ ತನಗೆ ಬೇಕಾದ ಮುಖವನ್ನು ಈ ಮನುಷ್ಯನ ಹೆಗಲ ಮೇಲೆ ಕೂರಿಸಿದೆ ಎಂಬುದು ಅವರ ಸೂತ್ರ. ಈ ಸೂತ್ರ ನಡಿಗೆಯ ಬಹುಭಾಗವನ್ನು ಚೆನ್ನಾಗಿ ಹಿಡಿದಿಟ್ಟಿತು; ಎಲ್ಲಿ ಅವರು ಅದನ್ನು ತಮ್ಮ ಮಾತಿಗೇ ಅನ್ವಯಿಸಿಕೊಳ್ಳಲಿಲ್ಲವೋ ಅಲ್ಲಿ ನಡಿಗೆ ಸಡಿಲವಾಯಿತು.

ಅಲ್ಲಿಂದ ಕ್ಯಾಪಿಟೊಲೈನ್ ಗುಡ್ಡದ ಕಡೆಗೆ ನಡೆಯುವಾಗ ಬಲು ಬೇಗ ಒಂದು ತಪ್ಪು ನುಸುಳಿತು. ದಾರಿಯಲ್ಲಿ ಕಾಣುವ ಆಂಟೊನೈನಸ್ ಮತ್ತು ಫೌಸ್ಟಿನಾ ದೇವಾಲಯದ ಕಂಬಸಾಲನ್ನು ತೋರಿಸಿ, ಅದು ಆರೇಲಿಯಸ್‌ನ ಹೆಂಡತಿಯ ಹೆಸರಿನದು ಎಂದು ಸಹಾಯಕ ಯುವಕ ನಮ್ಮೊಂದಿಗಿದ್ದ ಒಬ್ಬರಿಗೆ ವಿವರಿಸುತ್ತಿದ್ದ. ಅದು ಆರೇಲಿಯಸ್‌ನ ಅತ್ತೆ, ಅಂದರೆ ಅವನಿಗಿಂತ ಮೊದಲು ಆಳಿದ ಚಕ್ರವರ್ತಿ ಆಂಟೊನೈನಸ್ ಪಯಸ್‌ನ ಹೆಂಡತಿ ಹಿರಿಯ ಫೌಸ್ಟಿನಾಳ ದೇವಾಲಯ. ತಾಯಿಗೂ ಮಗಳಿಗೂ ಒಂದೇ ಹೆಸರಾದ್ದರಿಂದ ಆಗುವ ಸಾಮಾನ್ಯ ಗೊಂದಲವೇನೋ ಹೌದು, ಆದರೆ ಐತಿಹಾಸಿಕ ವಾದಗಳನ್ನೇ ಮಾರುವ ಸೇವೆಯಲ್ಲಿ ಇದು ಕ್ಷಮಿಸಿ ಮುಂದೆ ಹೋಗುವಷ್ಟು ಸಣ್ಣದಲ್ಲ. ಮುಂದೆ ಕಿರಿಯ ಫೌಸ್ಟಿನಾಳ ಮೇಲಿನ ಅಪವಾದಗಳ ಮಾತು ಬಂದಾಗ ಗುಂಪಿನ ಅರ್ಧ ಜನ ಯಾರ ಬಗ್ಗೆ ಕೇಳುತ್ತಿದ್ದೇವೆಂದು ತಿಳಿಯದೆ ಮುಖ ಮುಖ ನೋಡಿಕೊಂಡರು.

ನಡಿಗೆಯ ಅತ್ಯುತ್ತಮ ಭಾಗ ಕ್ಯಾಪಿಟೊಲೈನ್ ವಸ್ತುಸಂಗ್ರಹಾಲಯದ ಮೆಟ್ಟಿಲ ಬಳಿ ನಡೆಯಿತು. ಕಮಾನಿನಲ್ಲಿ ನೋಡಿದ ಎಂಟು ಫಲಕಗಳ ಜೊತೆಗೆ ಸೇರಬೇಕಾದ ಇನ್ನು ಮೂರು ಅಲ್ಲಿ ಗೋಡೆಯಲ್ಲಿವೆ. ಅವುಗಳಲ್ಲೊಂದು ವಿಜಯಯಾತ್ರೆಯ ದೃಶ್ಯ: ನಾಲ್ಕು ಕುದುರೆಗಳ ರಥ, ಅದರ ಮೇಲೆ ಆರೇಲಿಯಸ್, ಅವನ ತಲೆಯ ಹಿಂದೆ ವಿಜಯದೇವತೆ. ರಥದಲ್ಲಿ ಅವನ ಪಕ್ಕಕ್ಕೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಖಾಲಿಯಿದೆ. 176ರ ಡಿಸೆಂಬರಿನ ಆ ಮೆರವಣಿಗೆಯಲ್ಲಿ ಜೊತೆಗಿದ್ದವನು ಮಗ ಕೊಮೊಡಸ್. 192ರ ಕೊನೆಯ ದಿನ ಅವನ ಕೊಲೆಯಾದ ಮೇಲೆ ಸೆನೆಟ್ ಅವನ ನೆನಪನ್ನೇ ಅಳಿಸಲು ಹೊರಟಿತು; ಕಲ್ಲಿನಲ್ಲಿದ್ದ ಹುಡುಗನನ್ನೂ ಉಳಿಯಿಂದ ಕೆತ್ತಿ ತೆಗೆದರು. ಮಾರ್ಗದರ್ಶಕಿ ಸುಮಾರು ಇಪ್ಪತ್ತೈದು ನಿಮಿಷ ಈ ಖಾಲಿ ಜಾಗದ ಮುಂದೆಯೇ ನಿಂತು ಮಾತನಾಡಿದರು, ಮತ್ತು ನಾನು ಕೊಟ್ಟ ಹಣದಲ್ಲಿ ಅರ್ಧ ಅಲ್ಲಿಯೇ ಸಂದಾಯವಾಯಿತು ಎಂದು ನನಗೆ ಅನಿಸಿತು.

ವಾದ ಹಳೆಯದು. ನರ್ವಾನಿಂದ ಆಂಟೊನೈನಸ್‌ವರೆಗೆ ನಾಲ್ವರು ಚಕ್ರವರ್ತಿಗಳು ಹೊಟ್ಟೆಯಲ್ಲಿ ಹುಟ್ಟಿದ ಮಗನಿಗಲ್ಲದೆ ಯೋಗ್ಯನೆಂದು ಆರಿಸಿ ದತ್ತು ತೆಗೆದುಕೊಂಡವನಿಗೆ ಪಟ್ಟ ಕಟ್ಟಿದರು; ಐದನೆಯವನಾದ ತತ್ತ್ವಜ್ಞಾನಿಯೇ ಆ ಪದ್ಧತಿಯನ್ನು ಮುರಿದು, 177ರಲ್ಲಿ ಇನ್ನೂ ಹದಿನಾರು ತುಂಬದ ಮಗನನ್ನು ಸಹ ಚಕ್ರವರ್ತಿಯನ್ನಾಗಿ ಮಾಡಿ, ಸಾಮ್ರಾಜ್ಯವನ್ನು ಹಾಳುಮಾಡಿದ ಎಂಬ ದೂರು ಶತಮಾನಗಳಿಂದ ಕೇಳಿಬಂದಿದೆ. ಆರೇಲಿಯಸ್‌ನ ಕಾಲದಲ್ಲಿ ಬಾಲಕನಾಗಿದ್ದು ಆಮೇಲೆ ಸೆನೆಟರ್ ಆದ ಕ್ಯಾಸಿಯಸ್ ಡಿಯೊ ಎಂಬ ಇತಿಹಾಸಕಾರನೂ, ಇವನ ಸಾವಿನೊಂದಿಗೆ ತನ್ನ ಕಥೆ ಚಿನ್ನದ ರಾಜ್ಯದಿಂದ ಕಬ್ಬಿಣ ಮತ್ತು ತುಕ್ಕಿನ ರಾಜ್ಯಕ್ಕೆ ಇಳಿಯುತ್ತದೆ ಎಂದು ಬರೆದ. ಇದಕ್ಕೆ ಎದುರಾಗಿ ಇಂದಿನ ಬಹಳಷ್ಟು ವಿದ್ವಾಂಸರು ಹೇಳುವ ಮಾತನ್ನು ಮಾರ್ಗದರ್ಶಕಿ ಬಿಡಿಸಿಟ್ಟರು: ಆ ನಾಲ್ವರಿಗೂ ತಮ್ಮ ನಂತರ ಬದುಕುಳಿದ ಗಂಡುಮಕ್ಕಳೇ ಇರಲಿಲ್ಲ. ದತ್ತು ಅವರ ಪಾಲಿಗೆ ಅನಿವಾರ್ಯ. ಅದನ್ನು ಸಿದ್ಧಾಂತವೆಂದು ಕರೆದವರು ಬಂದದ್ದು ಆಮೇಲೆ. ಆರೇಲಿಯಸ್‌ಗೂ ಫೌಸ್ಟಿನಾಳಿಗೂ ಹದಿಮೂರಕ್ಕೆ ಕಡಿಮೆಯಿಲ್ಲದಷ್ಟು ಮಕ್ಕಳು ಹುಟ್ಟಿದರೂ ಗಂಡುಮಕ್ಕಳಲ್ಲಿ ದೊಡ್ಡವನಾಗುವವರೆಗೆ ಉಳಿದವನು ಕೊಮೊಡಸ್ ಒಬ್ಬನೇ. ಅವನ ಅವಳಿ ಸಹೋದರ ಎಳೆಯ ವಯಸ್ಸಿನಲ್ಲೇ ಹೋದ. ಇನ್ನೊಬ್ಬ ತಮ್ಮ 169ರಲ್ಲಿ ಕಿವಿಯ ಕೆಳಗಿನ ಗೆಡ್ಡೆಗೆ ಶಸ್ತ್ರಚಿಕಿತ್ಸೆಯಾದ ಮೇಲೆ ತೀರಿಕೊಂಡ. ಚಕ್ರವರ್ತಿಯ ಸ್ವಂತ ಮಗನನ್ನು ಬದಿಗಿಟ್ಟು ಬೇರೆಯವನಿಗೆ ಪಟ್ಟ ಕಟ್ಟುವುದೆಂದರೆ ಒಂದೋ ಅಂತರ್ಯುದ್ಧಕ್ಕೆ ಸಿದ್ಧವಾಗಬೇಕು, ಇಲ್ಲವೇ ಆ ಮಗನನ್ನು ಕೊಲ್ಲಿಸಬೇಕು.

ಇಷ್ಟಕ್ಕೇ ನಿಂತಿದ್ದರೆ ಅದು ಒಳ್ಳೆಯ ಉಪನ್ಯಾಸವಾಗುತ್ತಿತ್ತು. ಅವರು ಪಕ್ಕದ ಫಲಕಕ್ಕೆ ಕರೆದುಕೊಂಡು ಹೋಗಿ, ಕುದುರೆಯ ಮೇಲಿರುವ ಆರೇಲಿಯಸ್‌ನ ಹತ್ತಿರ ನಿಂತ ಗಡ್ಡದ ಅಧಿಕಾರಿಯನ್ನು ತೋರಿಸಿದರು. ಅವನು ಚಕ್ರವರ್ತಿಯ ಅಳಿಯ, ಅನುಭವಿ ಸೇನಾನಿ ಪೊಂಪೆಯಾನಸ್ ಎಂದು ಅನೇಕರು ಗುರುತಿಸುತ್ತಾರೆ. ಮಗನಿಗೆ ಪರ್ಯಾಯವಾಗಬಹುದಾಗಿದ್ದ ಮನುಷ್ಯ ಒಂದು ಫಲಕದಲ್ಲಿ ಉಳಿದಿದ್ದಾನೆ, ಪಟ್ಟವೇರಿದ ಮಗ ಪಕ್ಕದ ಫಲಕದಲ್ಲಿ ಅಳಿಸಿಹೋಗಿದ್ದಾನೆ. ಪುಸ್ತಕದಲ್ಲಿ ಹತ್ತು ಪುಟ ಓದಿದರೂ ಮನಸ್ಸಿನಲ್ಲಿ ನಿಲ್ಲದ ವಾದ ಎರಡು ಕಲ್ಲುಗಳ ನಡುವೆ ನಾಲ್ಕು ಹೆಜ್ಜೆ ನಡೆದಾಗ ನಿಂತಿತು. ಅದೇ ಸಂಗ್ರಹಾಲಯದಲ್ಲಿ, ಸಿಂಹದ ಚರ್ಮ ಹೊದ್ದು ಗದೆ ಹಿಡಿದು ಹರ್ಕ್ಯುಲಿಸ್‌ನ ವೇಷದಲ್ಲಿರುವ ಕೊಮೊಡಸ್‌ನ ಅಮೃತಶಿಲೆಯ ಅರ್ಧಪ್ರತಿಮೆಯಿದೆ. 1874ರಲ್ಲಿ ಎಸ್ಕ್ವಿಲೈನ್ ಗುಡ್ಡದಲ್ಲಿ ಸಿಕ್ಕಿದ್ದು. ಅದರ ಮುಂದೆ ಅವರು ಹೆಚ್ಚು ಮಾತನಾಡಲಿಲ್ಲ. ಆಡಬೇಕಾದ ಅಗತ್ಯವೂ ಇರಲಿಲ್ಲ.

ಗಾಜಿನ ಮಾಡಿನ ವಿಶಾಲ ಅಂಗಳದಲ್ಲಿ ಕಂಚಿನ ಅಶ್ವಾರೂಢ ಪ್ರತಿಮೆಯಿದೆ, ಎತ್ತರ 4.24 ಮೀಟರ್. ಹೊರಗಿನ ಚೌಕದಲ್ಲಿರುವುದು 1997ರಲ್ಲಿ ನಿಲ್ಲಿಸಿದ ಪ್ರತಿಕೃತಿ. ಮೂಲವನ್ನು 1981ರಲ್ಲಿ ದುರಸ್ತಿಗಾಗಿ ಇಳಿಸಿದವರು ಮತ್ತೆ ಬಿಸಿಲು ಮಳೆಗೆ ಒಡ್ಡಲಿಲ್ಲ. ಮಾರ್ಗದರ್ಶಕಿ ಮೊದಲು ಚೀಲದಿಂದ 50 ಸೆಂಟ್‌ನ ಇಟಾಲಿಯನ್ ನಾಣ್ಯ ತೆಗೆದು ಅದರ ಒಂದು ಬದಿಯಲ್ಲಿ ಇದೇ ಕುದುರೆಯನ್ನು ತೋರಿಸಿ, ನಂತರ ಎಲ್ಲರಿಗೂ ತಿಳಿದ ಕಥೆಯನ್ನು ಚುಟುಕಾಗಿ ಮುಗಿಸಿದರು: ಮಧ್ಯಯುಗದ ಜನ ಇದನ್ನು ಮೊದಲ ಕ್ರೈಸ್ತ ಚಕ್ರವರ್ತಿ ಕಾನ್‌ಸ್ಟಂಟೈನನದೆಂದು ತಿಳಿದಿದ್ದರಿಂದ ಕರಗಿಸದೆ ಉಳಿಸಿದರು, ಲ್ಯಾಟೆರನ್‌ನಲ್ಲಿದ್ದ ಅದನ್ನು 1538ರಲ್ಲಿ ಮೂರನೆಯ ಪೌಲ್ ಪೋಪ್ ಈ ಗುಡ್ಡಕ್ಕೆ ತರಿಸಿದಾಗ ಪೀಠವನ್ನು ಮೈಕೆಲ್ಯಾಂಜೆಲೊ ರೂಪಿಸಿದ. ಅವರಿಗೆ ಬೇಕಾಗಿದ್ದದ್ದು ಚಾಚಿದ ಬಲಗೈ. ಅದು ಸೈನ್ಯವನ್ನು ಉದ್ದೇಶಿಸಿ ಮಾತನಾಡುವ ಕೈಯೋ, ಸೋತವನಿಗೆ ಪ್ರಾಣಭಿಕ್ಷೆ ನೀಡುವ ಕೈಯೋ ಎಂಬುದರ ಮೇಲೆ ಇಡೀ ಪ್ರತಿಮೆಯ ಅರ್ಥ ಬದಲಾಗುತ್ತದೆ. ಎತ್ತಿದ ಗೊರಸಿನ ಕೆಳಗೆ ಕೈಕಟ್ಟಿದ ಶತ್ರುವೊಬ್ಬನ ಸಣ್ಣ ಆಕೃತಿ ಇತ್ತೆಂದು ಮಧ್ಯಯುಗದ ಬರಹಗಳು ಹೇಳುತ್ತವೆ, ಈಗ ಅದಿಲ್ಲ. ಮೆಟ್ಟಿಲ ಬಳಿಯ ಫಲಕದಲ್ಲಿ ಮಂಡಿಯೂರಿದ ಶತ್ರುಗಳ ಮೇಲೆ ಆರೇಲಿಯಸ್ ಚಾಚಿದ ಕೈಯನ್ನು ನೆನಪಿಸಿ, ಎರಡೂ ಒಂದೇ ಭಂಗಿ ನೋಡಿ ಎಂದರು. ಕ್ಷಮೆಯೇ ಇರಲಿ, ಕ್ಷಮಿಸುವವನ ಕುದುರೆಯ ಗೊರಸು ಕ್ಷಮೆ ಪಡೆದವನ ತಲೆಯ ಮೇಲೆಯೇ ಇರುತ್ತಿತ್ತಲ್ಲವೇ ಎಂದು ನನ್ನ ಹೆಂಡತಿ ಕೇಳಿದ ಪ್ರಶ್ನೆಗೆ ಅವರು ನಕ್ಕು, ಕೊಲೊನ್ನಾ ಚೌಕದ ಸ್ತಂಭದ ಬಳಿ ಹೋಗೋಣ ಎಂದು ಮಾತ್ರ ಹೇಳಿದರು.

ಇಲ್ಲಿ ಒಂದು ಸಣ್ಣ ಅಡ್ಡಮಾತು. ನಮ್ಮವರಿಗೆ ಆರೇಲಿಯಸ್‌ನ ಪರಿಚಯ ಮಾಡಿಕೊಡುವಾಗ ರಾಜರ್ಷಿ ಎಂಬ ಪದ ಥಟ್ಟನೆ ನಾಲಿಗೆಗೆ ಬರುತ್ತದೆ; ಜನಕ ಮಹಾರಾಜನ ಸಾಲಿನಲ್ಲಿ ಇವನನ್ನು ನಿಲ್ಲಿಸಿ, ನಿಷ್ಕಾಮಕರ್ಮಕ್ಕೂ ಇವನು ಅನುಸರಿಸಿದ, ಮನಸ್ಸಿನ ಹತೋಟಿಯನ್ನು ಬೋಧಿಸುವ ಗ್ರೀಕ್ ಮೂಲದ ಸ್ಟೋಯಿಕ್ ದರ್ಶನಕ್ಕೂ ಗಂಟು ಹಾಕಿ ಮುಗಿಸಿಬಿಡುವುದು ಸುಲಭ. ನಾನೂ ಹಾಗೆಯೇ ಅಂದುಕೊಂಡು ಹೋಗಿದ್ದೆ. ನಡಿಗೆಯಲ್ಲಿ ಕೇಳಿದ ಒಂದು ವೈರುಧ್ಯ ಈ ಗಂಟನ್ನು ಸಡಿಲಿಸಿತು. ತತ್ತ್ವಜ್ಞಾನಿಗಳು ಆಳಿದರೆ ಅಥವಾ ಆಳುವವರು ತತ್ತ್ವಜ್ಞಾನಿಗಳಾದರೆ ರಾಜ್ಯಗಳು ಏಳಿಗೆಯಾಗುತ್ತವೆ ಎಂಬ ಪ್ಲೇಟೊನ ಮಾತು ಆರೇಲಿಯಸ್‌ನ ಬಾಯಲ್ಲಿ ಸದಾ ಇರುತ್ತಿತ್ತು ಎಂದು ನಾಲ್ಕನೆಯ ಶತಮಾನದ ಕೊನೆಯ ಭಾಗದ್ದೆನ್ನಲಾದ, ಕಟ್ಟುಕಥೆಗಳಿಗೆ ಹೆಸರಾದ ಚಕ್ರವರ್ತಿಗಳ ಜೀವನಚರಿತ್ರೆ ಸಂಗ್ರಹವೊಂದು ಹೇಳುತ್ತದೆ. ಆದರೆ ಅವನೇ ಬರೆದುಕೊಂಡ ಟಿಪ್ಪಣಿಗಳ ಒಂಬತ್ತನೆಯ ಭಾಗದಲ್ಲಿ ತನಗೆ ತಾನು ಹೇಳಿಕೊಂಡಿರುವುದು, ಪ್ಲೇಟೊ ಬಯಸಿದ ರಾಜ್ಯವನ್ನು ನಿರೀಕ್ಷಿಸಬೇಡ, ಒಂದು ಸಣ್ಣ ಕೆಲಸ ಮುಂದುವರಿದರೂ ಸಾಕೆಂದು ತಿಳಿ ಎಂಬರ್ಥದ ಮಾತು. ತತ್ತ್ವಜ್ಞಾನಿ ದೊರೆ ಎಂಬ ಬಿರುದನ್ನು ಇತರರು ಅವನ ಮೇಲೆ ಹೊರಿಸಿದರು. ಅವನು ಅದನ್ನು ತನಗೆ ತಾನೇ ಕೊಟ್ಟುಕೊಳ್ಳಲಿಲ್ಲ.

ಗುಡ್ಡ ಇಳಿದು ಟ್ರಾಜನ್‌ನ ಫೋರಮ್ ಎಂಬ ಪ್ರಾಚೀನ ಸಾರ್ವಜನಿಕ ಚೌಕದ ಬಳಿ ಹತ್ತು ನಿಮಿಷದ ವಿರಾಮ. ಯುದ್ಧದ ಖರ್ಚಿಗೆ ಪ್ರಾಂತಗಳ ಮೇಲೆ ಹೊಸ ತೆರಿಗೆ ಹಾಕುವ ಬದಲು ಅರಮನೆಯ ಚಿನ್ನದ ಪಾತ್ರೆ, ರೇಷ್ಮೆ ಬಟ್ಟೆ, ರತ್ನಗಳನ್ನು ಆರೇಲಿಯಸ್ ಹರಾಜಿಗಿಟ್ಟದ್ದು ಇಲ್ಲಿಯೇ ಎಂದು ಅದೇ ಜೀವನಚರಿತ್ರೆ ಸಂಗ್ರಹದ ಮಾತನ್ನು ಹೇಳಿದರು. 165ರ ಸುಮಾರಿಗೆ ಪೂರ್ವದಿಂದ ಮರಳಿದ ಸೈನ್ಯದೊಂದಿಗೆ ಬಂದ, ಬಹುಶಃ ಸಿಡುಬಾಗಿದ್ದ ಸಾಂಕ್ರಾಮಿಕದ ವಿಷಯವನ್ನು ಎರಡು ವಾಕ್ಯದಲ್ಲಿ ಮುಗಿಸಿದ್ದು ನನಗೆ ನಿರಾಸೆ ತಂದಿತು. ಅದರಿಂದ ಸತ್ತವರ ಪ್ರಮಾಣ ಎಷ್ಟು, ಸಾಮ್ರಾಜ್ಯದ ಇಳಿಗಾಲ ಅಲ್ಲಿಂದಲೇ ಶುರುವಾಯಿತೇ ಎಂಬುದು ಇಂದಿನ ಇತಿಹಾಸಕಾರರ ದೊಡ್ಡ ಜಗಳಗಳಲ್ಲೊಂದು.

ಕೊಲೊನ್ನಾ ಚೌಕಕ್ಕೆ ಬಂದಾಗ ಬೆಳಗ್ಗೆ ಹನ್ನೊಂದೂವರೆ. ಇಟಲಿಯ ಪ್ರಧಾನಮಂತ್ರಿಯ ಕಚೇರಿ ಅಲ್ಲಿಯೇ ಇರುವುದರಿಂದ ಪೊಲೀಸರು ಸದಾ ಇರುತ್ತಾರೆ. ಗುಂಪಾಗಿ ನಿಂತು ಬಹಳ ಹೊತ್ತು ಮಾತನಾಡುವುದು ಕಷ್ಟ. ಚೌಕದ ನಡುವೆ ನೂರು ರೋಮನ್ ಅಡಿ, ಅಂದರೆ ಸುಮಾರು 30 ಮೀಟರ್ ಎತ್ತರದ, ಆರೇಲಿಯಸ್‌ನ ಹೆಸರಿನ ಅಮೃತಶಿಲೆಯ ಕಂಬ, ಅದನ್ನು ಸುತ್ತಿಕೊಂಡು ಮೇಲೇರುವ ಉಬ್ಬುಶಿಲ್ಪದ ಪಟ್ಟಿ. 1589ರಲ್ಲಿ ಐದನೆಯ ಸಿಕ್ಸ್‌ಟಸ್ ಪೋಪ್ ತುದಿಯಲ್ಲಿ ಸಂತ ಪೌಲನ ಕಂಚಿನ ಪ್ರತಿಮೆಯನ್ನಿರಿಸಿ, ಪೀಠದಲ್ಲಿದ್ದ ಹಳೆಯ ಶಿಲ್ಪಗಳನ್ನು ಕೆತ್ತಿಸಿ ತೆಗೆದು, ಹೊಸ ಶಾಸನ ಬರೆಸಿದ. ಆ ಶಾಸನ ಕಂಬವನ್ನು ಆಂಟೊನೈನಸ್ ಪಯಸ್‌ನದೆಂದು ತಪ್ಪಾಗಿ ಹೇಳುತ್ತದೆ, ಇಂದಿಗೂ ಹಾಗೆಯೇ ಇದೆ. ಬೆಳಗಿನ ತಲೆ ಬದಲಾವಣೆಯ ಸೂತ್ರ ಇಲ್ಲಿ ತಾನಾಗಿಯೇ ಮುಂದುವರಿಯಿತು.

ಬರಿಗಣ್ಣಿಗೆ ಕೆಳಗಿನ ಕೆಲವು ಸುತ್ತುಗಳಷ್ಟೇ ಕಾಣುತ್ತವೆ. ಸಂಸ್ಥೆಯವರು ನಾಲ್ಕು ದುರ್ಬೀನುಗಳನ್ನೂ ದೊಡ್ಡದಾಗಿ ಮುದ್ರಿಸಿದ ಛಾಯಾಚಿತ್ರಗಳನ್ನೂ ತಂದಿದ್ದರು, ಇದು ಮೆಚ್ಚಬೇಕಾದ ಸಿದ್ಧತೆ. ದುರ್ಬೀನಿನಲ್ಲಿ ಕಂಡದ್ದು ನಾನು ಎಣಿಸಿದ್ದಕ್ಕಿಂತ ಕ್ರೂರವಾಗಿತ್ತು. ಡ್ಯಾನ್ಯೂಬ್ ನದಿಯಾಚೆಯ ಮಾರ್ಕೊಮಾನಿ, ಕ್ವಾಡಿ, ಸರ್ಮೇಷಿಯನ್ ಜನಗಳೊಡನೆ ನಡೆದ ಯುದ್ಧಗಳ ಕಥನವಿದು: ಉರಿಯುವ ಗುಡಿಸಲು, ಕೂದಲು ಹಿಡಿದು ಎಳೆಯಲ್ಪಡುವ ಹೆಂಗಸು, ಸಾಲಾಗಿ ನಿಲ್ಲಿಸಿ ತಲೆ ಕಡಿಸಿಕೊಳ್ಳುತ್ತಿರುವ ಸೆರೆಯಾಳುಗಳು. ನಮ್ಮ ಕಡೆಯ ವೀರಗಲ್ಲುಗಳನ್ನು ನೋಡಿ ಬೆಳೆದ ಕಣ್ಣಿಗೆ ಒಂದು ವ್ಯತ್ಯಾಸ ತಟ್ಟನೆ ಹೊಳೆಯಿತು. ವೀರಗಲ್ಲಿನಲ್ಲಿ ಸಾಯುವವನು ನಮ್ಮವನು. ಸತ್ತು ಮೇಲಿನ ಪಟ್ಟಿಕೆಗೆ ಏರುತ್ತಾನೆ. ಇಲ್ಲಿ ನಾವು ನೋಡಿದಷ್ಟರಲ್ಲಿ ಸಾಯುವವರೆಲ್ಲ ಎದುರಿನವರೇ, ಅವರು ಏರುವುದಕ್ಕೆ ಮೇಲೆ ಯಾವ ಪಟ್ಟಿಕೆಯೂ ಇಲ್ಲ.

ಹಾಗಾದರೆ ಸಹನೆಯನ್ನೂ ಮನುಷ್ಯರೆಲ್ಲ ಬಂಧುಗಳೆಂಬ ಭಾವವನ್ನೂ ತನಗೆ ತಾನು ಬೋಧಿಸಿಕೊಂಡವನು ಇದನ್ನು ಹೇಗೆ ನಡೆಸಿದ? ಮಾರ್ಗದರ್ಶಕಿ ಮೂರು ಉತ್ತರಗಳನ್ನು ಇಟ್ಟರು. ಗಡಿ ದಾಟಿ ಉತ್ತರ ಇಟಲಿಯ ಅಕ್ವಿಲೇಯವರೆಗೆ ನುಗ್ಗಿದವರನ್ನು ತಡೆದದ್ದು ಆತ್ಮರಕ್ಷಣೆ ಎಂಬುದು ಒಂದು. ಅವನು ಮಾರ್ಕೊಮಾನಿಯಾ, ಸರ್ಮೇಷಿಯಾ ಎಂಬ ಎರಡು ಹೊಸ ಪ್ರಾಂತಗಳನ್ನು ಸ್ಥಾಪಿಸಲು ಹೊರಟಿದ್ದ, ಆದ್ದರಿಂದ ಇದು ಆಕ್ರಮಣದ ಯುದ್ಧವೇ ಎಂಬುದು ಇನ್ನೊಂದು. ಕಂಬ ಮುಗಿದದ್ದು ಅವನ ಮರಣದ ನಂತರವಾದ್ದರಿಂದ ಇಲ್ಲಿನ ಕ್ರೌರ್ಯ ಮಗನ ಕಾಲದ ಅಭಿರುಚಿಯಾಗಿರಬಹುದು ಎಂಬುದು ಮೂರನೆಯದು. ಆಮೇಲೆ ಯಾವ ಪೀಠಿಕೆಯೂ ಇಲ್ಲದೆ ಟಿಪ್ಪಣಿಗಳಿಂದ ಎರಡು ಕಡೆಯ ಸಾರವನ್ನು ಹೇಳಿದರು. ಒಂದರಲ್ಲಿ, ಕಡಿದು ಬಿದ್ದ ಕೈಯನ್ನೋ ಕಾಲನ್ನೋ ತಲೆಯನ್ನೋ ನೀನು ಎಂದಾದರೂ ನೋಡಿದ್ದರೆ, ಸಮಾಜದಿಂದ ತನ್ನನ್ನು ಬೇರ್ಪಡಿಸಿಕೊಂಡವನು ಅಂಥವನು ಎಂದು ಬರೆದುಕೊಂಡಿದ್ದಾನೆ. ಇನ್ನೊಂದರಲ್ಲಿ, ಜೇಡ ನೊಣವನ್ನು ಹಿಡಿದು ಹೆಮ್ಮೆಪಡುತ್ತದೆ, ಒಬ್ಬ ಮೊಲವನ್ನು, ಮತ್ತೊಬ್ಬ ಸರ್ಮೇಷಿಯನ್ನರನ್ನು ಹಿಡಿದು ಹೆಮ್ಮೆಪಡುತ್ತಾನೆ, ಪರೀಕ್ಷಿಸಿ ನೋಡಿದರೆ ಇವರೆಲ್ಲ ಕಳ್ಳರೇ ಅಲ್ಲವೇ ಎಂದು ಕೇಳಿಕೊಂಡಿದ್ದಾನೆ. ಸರ್ಮೇಷಿಯನ್ನರನ್ನು ಗೆದ್ದವನೆಂಬ ಬಿರುದು ಹೊತ್ತ ಚಕ್ರವರ್ತಿಯೇ ಇದನ್ನು ಬರೆದದ್ದು. ತಲೆ ಕಡಿಯುವ ದೃಶ್ಯದ ಕೆಳಗೆ ನಿಂತು ಇದನ್ನು ಕೇಳುವುದಕ್ಕೂ ಮನೆಯಲ್ಲಿ ಕುರ್ಚಿಯಲ್ಲಿ ಕುಳಿತು ಓದುವುದಕ್ಕೂ ಬಹಳ ಅಂತರವಿದೆ. ಯಾವ ಉತ್ತರ ಸರಿ ಎಂದು ಅವರು ಹೇಳಲಿಲ್ಲ. ನನ್ನ ಮಟ್ಟಿಗೆ ಮೂರನೆಯದು ತೀರ ಅನುಕೂಲದ ಉತ್ತರ; ತಂದೆಯ ಯುದ್ಧದ ರಕ್ತವನ್ನು ಮಗನ ಲೆಕ್ಕಕ್ಕೆ ಬರೆಯುವ ಜಾಣತನ ಅದರಲ್ಲಿದೆ.

ಮಳೆಯ ಪವಾಡದ ದೃಶ್ಯವೂ ಕೆಳಗಿನ ಸುತ್ತಿನಲ್ಲೇ ಇದೆ. ಕ್ವಾಡಿಗಳು ಸುತ್ತುವರಿದು ನೀರಿಲ್ಲದೆ ಸಾಯಬೇಕಾಗಿದ್ದ ರೋಮನ್ ಸೈನ್ಯವನ್ನು ಏಕಾಏಕಿ ಸುರಿದ ಮಳೆ ಉಳಿಸಿತಂತೆ. ಶಿಲ್ಪಿ ಅದನ್ನು ಗಡ್ಡ, ರೆಕ್ಕೆ, ಚಾಚಿದ ತೋಳುಗಳಿಂದಲೂ ನೀರು ಸುರಿಯುತ್ತಿರುವ ಮುದುಕನ ರೂಪದಲ್ಲಿ ಕಡೆದಿದ್ದಾನೆ. ಯಾರ ದೇವರು ಮಳೆ ಸುರಿಸಿದ ಎಂಬ ಜಗಳ ಆ ಕಾಲದಲ್ಲೇ ಹುಟ್ಟಿತು. ಅರ್ನೂಫಿಸ್ ಎಂಬ ಈಜಿಪ್ಟಿನ ಮಾಂತ್ರಿಕ ತರಿಸಿದ್ದೆಂದು ಡಿಯೊ ಬರೆದ. ಕ್ರೈಸ್ತ ಸೈನಿಕರ ಪ್ರಾರ್ಥನೆಯ ಫಲವೆಂದು ಕ್ರೈಸ್ತ ಲೇಖಕ ಟೆರ್ಟುಲಿಯನ್ ಬರೆದ. ಡಿಯೊನ ಗ್ರಂಥವನ್ನು ಹನ್ನೊಂದನೆಯ ಶತಮಾನದಲ್ಲಿ ಸಂಕ್ಷೇಪಿಸಿದ ಕ್ಸಿಫಿಲಿನಸ್ ಎಂಬ ಸನ್ಯಾಸಿ ನಡುವೆ ತಲೆಹಾಕಿ, ಡಿಯೊ ಸುಳ್ಳು ಹೇಳುತ್ತಿದ್ದಾನೆ, ಹನ್ನೆರಡನೆಯ ದಳಕ್ಕೆ ಸಿಡಿಲಿನ ದಳ ಎಂಬ ಹೆಸರು ಬಂದದ್ದೇ ಆ ಪ್ರಾರ್ಥನೆಯಿಂದ ಎಂದು ವಾದಿಸಿದ. ಆ ಹೆಸರು ಆರೇಲಿಯಸ್ ಹುಟ್ಟುವುದಕ್ಕೂ ಬಹಳ ಹಿಂದಿನದು ಎಂದು ಮಾರ್ಗದರ್ಶಕಿ ಹೇಳಿದಾಗ ಗುಂಪಿನಲ್ಲಿ ಮೊದಲ ಬಾರಿ ಎಲ್ಲರೂ ಜೋರಾಗಿ ನಕ್ಕರು.

ಇಷ್ಟು ಒಳ್ಳೆಯದನ್ನು ಹೇಳಿದ ಮೇಲೆ ಕೊರತೆಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಮೊದಲನೆಯದು ಕ್ರೈಸ್ತರ ಮೇಲಿನ ಹಿಂಸೆಯ ಪ್ರಶ್ನೆ. ಮಳೆಯ ಕಥೆಯಿಂದ ಅಲ್ಲಿಗೆ ನೇರ ದಾರಿಯಿತ್ತು. ಆದರೆ ಅವರು ಅದನ್ನು ಸ್ಥಳೀಯ ಗಲಭೆಗಳ ಫಲ, ಚಕ್ರವರ್ತಿಯ ಆಜ್ಞೆಯಲ್ಲ ಎಂಬ ಒಂದೇ ವಾಕ್ಯದಲ್ಲಿ ಮುಗಿಸಿದರು. ಆರೇಲಿಯಸ್ ಸಾಮ್ರಾಜ್ಯವ್ಯಾಪಿಯಾದ ಆಜ್ಞೆ ಹೊರಡಿಸಿದ್ದಕ್ಕೆ ಆಧಾರವಿಲ್ಲ ಎಂಬುದು ಬಹುತೇಕ ವಿದ್ವಾಂಸರ ಮಾತೇ. ಆದರೆ 177ರ ಸುಮಾರಿಗೆ ಇಂದಿನ ಫ್ರಾನ್ಸಿನ ಲಿಯಾನ್‌ನಲ್ಲಿ ತೊಂಬತ್ತು ದಾಟಿದ ಬಿಷಪ್ ಪೊಥಿನಸ್ ಸೆರೆಮನೆಯಲ್ಲಿ ಸತ್ತು, ಬ್ಲಾಂಡಿನಾ ಎಂಬ ಗುಲಾಮ ಹೆಣ್ಣನ್ನು ಮೃಗಗಳಿಗೂ ಗೂಳಿಗೂ ಒಡ್ಡಿ ಕೊಂದ ಪ್ರಕರಣದ ನಡುವೆ, ಬಂಧಿತರಲ್ಲಿದ್ದ ರೋಮನ್ ಪೌರರನ್ನು ಏನು ಮಾಡಬೇಕೆಂದು ರಾಜ್ಯಪಾಲ ಕೇಳಿ ಬರೆದಿದ್ದ. ಒಪ್ಪಿಕೊಂಡವರನ್ನು ಕೊಲ್ಲಿ, ನಿರಾಕರಿಸಿದವರನ್ನು ಬಿಡಿ ಎಂಬ ಉತ್ತರ ಚಕ್ರವರ್ತಿಯಿಂದಲೇ ಬಂದಿತ್ತು. ಅದಕ್ಕೂ ಹಿಂದೆ, 165ರ ಸುಮಾರಿಗೆ, ತತ್ತ್ವಜ್ಞಾನಿಯ ಉಡುಪು ಧರಿಸುತ್ತಿದ್ದ ಕ್ರೈಸ್ತ ಚಿಂತಕ ಜಸ್ಟಿನ್‌ಗೆ ಇದೇ ರೋಮ್‌ನಲ್ಲಿ ಮರಣದಂಡನೆ ವಿಧಿಸಿದ ನಗರಾಧಿಕಾರಿ ಜೂನಿಯಸ್ ರಸ್ಟಿಕಸ್. ತನಗೆ ಸ್ಟೋಯಿಕ್ ಗುರು ಎಪಿಕ್ಟೆಟಸ್‌ನ ಬೋಧನೆಗಳ ಪರಿಚಯ ಮಾಡಿಸಿದನೆಂದು ಆರೇಲಿಯಸ್ ಟಿಪ್ಪಣಿಗಳ ಮೊದಲ ಭಾಗದಲ್ಲಿ ಕೃತಜ್ಞತೆಯಿಂದ ನೆನೆಯುವ ಗುರುವೂ ಇದೇ ರಸ್ಟಿಕಸ್. ಇಡೀ ವಾದದ ನರ ಇಲ್ಲಿದೆ: ಒಬ್ಬ ತತ್ತ್ವಜ್ಞಾನಿ ಇನ್ನೊಬ್ಬ ತತ್ತ್ವಜ್ಞಾನಿಯನ್ನು ಕೊಲ್ಲಿಸುವಾಗ ಮೂರನೆಯ ತತ್ತ್ವಜ್ಞಾನಿ ಸಿಂಹಾಸನದ ಮೇಲಿದ್ದ. ಟಿಪ್ಪಣಿಗಳಲ್ಲಿ ಕ್ರೈಸ್ತರ ಹೆಸರು ಒಮ್ಮೆ ಮಾತ್ರ ಬರುತ್ತದೆ, ಅದೂ ಆಮೇಲೆ ಯಾರೋ ಸೇರಿಸಿದ್ದಿರಬಹುದೆಂದು ಕೆಲವರು ಶಂಕಿಸುತ್ತಾರೆ. ಇದಾವುದನ್ನೂ ಹೇಳದೆ ವಾದಗಳ ನಡಿಗೆ ಎಂದು ಕರೆದುಕೊಳ್ಳುವುದು ನ್ಯಾಯವಲ್ಲ.

ಅಲ್ಲಿ ಉಳಿಸಿದ ಸಮಯವನ್ನು ಖರ್ಚು ಮಾಡಿದ್ದು ಅಫೀಮಿನ ಮೇಲೆ. ಚಕ್ರವರ್ತಿ ನಿತ್ಯ ಸೇವಿಸುತ್ತಿದ್ದ ಥೀರಿಯಕ್ ಎಂಬ ಲೇಹ್ಯದಲ್ಲಿ ಗಸಗಸೆ ಗಿಡದ ರಸವಿತ್ತು, ಅದರಿಂದ ತೂಕಡಿಕೆ ಬಂದಾಗ ರಸವನ್ನು ಬಿಡಿಸುತ್ತಿದ್ದ, ಆಗ ನಿದ್ರೆ ಬಾರದೆ ಮತ್ತೆ ಸೇರಿಸಿಕೊಳ್ಳುತ್ತಿದ್ದ ಎಂದು ವೈದ್ಯ ಗ್ಯಾಲೆನ್ ಬರೆದಿದ್ದಾನೆ. 1961ರಲ್ಲಿ ಥಾಮಸ್ ಆಫ್ರಿಕಾ ಎಂಬ ಇತಿಹಾಸಕಾರ ಇದನ್ನು ಆಧರಿಸಿ, ಆರೇಲಿಯಸ್ ಅಫೀಮಿನ ದಾಸನಾಗಿದ್ದ, ಅವನ ನಿರ್ಲಿಪ್ತ ಬರಹಗಳಲ್ಲಿ ಆ ಅಮಲಿನ ಗುರುತಿದೆ ಎಂದು ವಾದಿಸಿದ. ಮಾರ್ಗದರ್ಶಕಿ ಇದನ್ನು ರಸವತ್ತಾಗಿ ಹೇಳಿದರು, ಜನ ಚೆನ್ನಾಗಿ ಕೇಳಿದರು. ಫ್ರೆಂಚ್ ವಿದ್ವಾಂಸ ಪಿಯೆರ್ ಹಾದೊ ಇದಕ್ಕೆ ಕೊಟ್ಟ ಉತ್ತರ ಮಾತ್ರ ಬರಲಿಲ್ಲ: ರಾಜವಸ್ತ್ರವೆಂದರೆ ಚಿಪ್ಪುಹುಳುವಿನ ರಕ್ತದಲ್ಲಿ ಅದ್ದಿದ ಕುರಿಯ ಕೂದಲು, ಉತ್ತಮ ಮದ್ಯವೆಂದರೆ ದ್ರಾಕ್ಷಿಯ ರಸ ಎಂಬಂಥ ಮಾತುಗಳು ವಸ್ತುಗಳ ಮೋಹವನ್ನು ಕಳಚಲು ಸ್ಟೋಯಿಕರು ಮಾಡುತ್ತಿದ್ದ ಅಭ್ಯಾಸಗಳು, ಅವನ್ನು ರೋಗಲಕ್ಷಣವೆಂದೋ ಅಮಲೆಂದೋ ಓದಬಾರದು. ಎದುರುವಾದವಿಲ್ಲದ ವಾದ ಹರಟೆಯಾಗುತ್ತದೆ.

ಕಿರಿಯ ಫೌಸ್ಟಿನಾಳ ಪ್ರಸಂಗವೂ ಹೀಗೆಯೇ ಅರ್ಧಕ್ಕೆ ನಿಂತಿತು. ಕತ್ತಿಮಲ್ಲನೊಬ್ಬನೇ ಕೊಮೊಡಸ್‌ನ ತಂದೆ ಎಂಬ ಗಾಳಿಮಾತು, 175ರಲ್ಲಿ ಸಿರಿಯಾದ ರಾಜ್ಯಪಾಲ ಅವಿಡಿಯಸ್ ಕ್ಯಾಸಿಯಸ್ ಎದ್ದ ದಂಗೆಗೆ ಅವಳೇ ಪ್ರಚೋದನೆ ಎಂಬ ಆರೋಪ, ಎರಡನ್ನೂ ಹೇಳಿದರು. ಅಂಥ ಹೆಂಡತಿ ದೊರೆತದ್ದಕ್ಕೆ ಆರೇಲಿಯಸ್ ದೇವತೆಗಳಿಗೆ ಕೃತಜ್ಞತೆ ಬರೆದಿಟ್ಟಿದ್ದನ್ನೂ, ಸೇನಾ ಶಿಬಿರಗಳ ತಾಯಿ ಎಂಬ ಬಿರುದು ಅವಳಿಗಿದ್ದುದನ್ನೂ ನಾನು ಕೇಳಿದ ಮೇಲೆ ಹೇಳಿದರು. ಕೆಟ್ಟ ಮಗನಿಗೆ ಕ್ಷತ್ರಿಯನಲ್ಲದ ತಂದೆಯನ್ನು ಹುಡುಕುವ ಪುರಾಣಬುದ್ಧಿ ಎಲ್ಲ ದೇಶದಲ್ಲೂ ಒಂದೇ.

ಕೊನೆಗೆ ಕೈಗೆ ಕೊಡುವ ಹದಿನಾರು ಪುಟದ ಕಿರುಹೊತ್ತಿಗೆ. ಮಾತಿನಲ್ಲಿ ಇಷ್ಟು ಎಚ್ಚರವಿದ್ದವರು ಮುದ್ರಣದಲ್ಲಿ ಎಚ್ಚರ ತಪ್ಪಿದ್ದಾರೆ. ಬೆಳಗಿನ ಜಾವ ಎದ್ದು ಸಾಧಕನಾಗುವುದು ಹೇಗೆ ಎಂಬ ಧಾಟಿಯಲ್ಲಿ ಚಕ್ರವರ್ತಿಯ ಮಾತುಗಳನ್ನು ಚೌಕಟ್ಟಿನೊಳಗೆ ಹಾಕಿದ್ದಾರೆ. ಅವುಗಳಲ್ಲೊಂದು, ನಾವು ಕೇಳುವುದೆಲ್ಲ ಅಭಿಪ್ರಾಯ, ಸತ್ಯವಲ್ಲ ಎಂಬರ್ಥದ, ಮೊಬೈಲಿನಲ್ಲಿ ದಿನವೂ ಸುತ್ತುವ ವಾಕ್ಯ. ಆ ರೂಪದಲ್ಲಿ ಅದು ಟಿಪ್ಪಣಿಗಳಲ್ಲಿ ಎಲ್ಲಿಯೂ ಇಲ್ಲ. ಬರೆದವನು ತನ್ನ ಬರಹಕ್ಕೆ ಹೆಸರನ್ನೇ ಇಟ್ಟಂತಿಲ್ಲ, ಓದುಗರಿಗೆಂದು ಬರೆದ ಸುಳಿವೂ ಇಲ್ಲ. ಕ್ವಾಡಿಗಳ ನಾಡಿನ ಗ್ರಾನ್ ನದಿಯ ದಂಡೆಯಲ್ಲಿ ಎಂದು ಒಂದು ಕಡೆ, ಡ್ಯಾನ್ಯೂಬ್ ದಂಡೆಯ ಸೇನಾನೆಲೆಯಾದ ಕಾರ್ನುಂಟಮ್‌ನಲ್ಲಿ ಎಂದು ಇನ್ನೊಂದು ಕಡೆ ಇರುವ ತಲೆಬರಹಗಳು ಅವನ್ನು ಯುದ್ಧದ ಡೇರೆಗೆ ಕಟ್ಟಿಹಾಕುತ್ತವೆ. ಡೇರೆಯಿಂದ ಕಿತ್ತು ಕಾಫಿ ಲೋಟದ ಮೇಲೆ ಅಚ್ಚುಹಾಕುವುದೂ ಒಂದು ತಲೆ ಬದಲಾವಣೆಯೇ.

ಹೋಗುವವರಿಗೆ ಕೆಲವು ಅನುಕೂಲದ ಮಾತುಗಳು. ಒಟ್ಟು ದೂರ ಸುಮಾರು 3 ಕಿಲೊಮೀಟರ್, ಗುಡ್ಡ ಹತ್ತಬೇಕು, ಕೂರಲು ಜಾಗ ಕಡಿಮೆ. ಮಂಡಿನೋವಿರುವ ಹಿರಿಯರಿಗೆ ಕಷ್ಟ. ಕಿವಿಗೆ ಹಾಕಿಕೊಳ್ಳಲು ಕೊಡುವ ಯಂತ್ರಗಳಲ್ಲಿ ನನ್ನದು ಕೊಲೊನ್ನಾ ಚೌಕದಲ್ಲಿ ಕೈಕೊಟ್ಟಿತು, ಬದಲಿ ಇರಲಿಲ್ಲ, ಮಾರ್ಗದರ್ಶಕಿಯ ಪಕ್ಕಕ್ಕೇ ಅಂಟಿಕೊಂಡು ನಿಲ್ಲಬೇಕಾಯಿತು. ಆರೇಲಿಯಸ್‌ನ ಅಸ್ಥಿಯನ್ನಿರಿಸಿದ ಹ್ಯಾಡ್ರಿಯನ್‌ನ ಸಮಾಧಿ, ಅಂದರೆ ಇಂದಿನ ಸಾಂತಾಂಜೆಲೊ ಕೋಟೆ, ನಡಿಗೆಯಲ್ಲಿ ಸೇರಿಲ್ಲ. ಕೊಲೊನ್ನಾ ಚೌಕದಿಂದ ನೀವೇ ನಡೆದು ಹೋಗಬಹುದು. ಟಿಪ್ಪಣಿಗಳನ್ನು ಒಮ್ಮೆಯಾದರೂ ಓದಿಕೊಂಡು ಹೋದರೆ ಸ್ತಂಭದ ಬಳಿಯ ಅರ್ಧ ಗಂಟೆ ಪೂರ್ತಿ ದಕ್ಕುತ್ತದೆ. ಐದರಲ್ಲಿ ಮೂರೂವರೆ ಅಂಕ ಕೊಡುತ್ತೇನೆ. ಮೆಟ್ಟಿಲ ಬಳಿಯ ಖಾಲಿ ರಥಕ್ಕೆ ಮಾತ್ರವಾದರೆ ಐದಕ್ಕೆ ಐದು.

ಊರಿಗೆ ಮರಳಿದ ಮೇಲೆ ದೇವಾಲಯದ ತಪ್ಪನ್ನೂ ಹೊತ್ತಿಗೆಯ ಸುಳ್ಳು ವಾಕ್ಯವನ್ನೂ ಲಿಯಾನ್‌ನ ಮೌನವನ್ನೂ ಸೂಚಿಸಿ ಸಂಸ್ಥೆಗೆ ಒಂದು ಮಿಂಚಂಚೆ ಬರೆದೆ. ಎರಡೇ ದಿನದಲ್ಲಿ ವಿನಯದ ಉತ್ತರ ಬಂತು. ಮುಂದಿನ ಮುದ್ರಣದಲ್ಲಿ ಆ ವಾಕ್ಯವನ್ನು ತೆಗೆಯುತ್ತಾರಂತೆ, ಸಹಾಯಕನಿಗೆ ಇಬ್ಬರು ಫೌಸ್ಟಿನಾಗಳ ವ್ಯತ್ಯಾಸ ತಿಳಿಸಿದ್ದಾರಂತೆ. ಲಿಯಾನ್ ಬಗ್ಗೆ ಒಂದು ಮಾತೂ ಇರಲಿಲ್ಲ.